ಮಾಸ್ತರರು ಬರೆದ ಜೂನ್ 1

ನನ್ನ ಹುಟ್ಟಿದ ದಿನ 1967ರ ಜೂನ್ 1 ಎಂದು ಆಧಾರ್ ಕಾರ್ಡಿನಲ್ಲಿದೆ, ಶಾಲೆಯ ಸರ್ಟಿಫಿಕೇಟಿನಲ್ಲಿದೆ, ಪಿಎಫ್ ದಾಖಲೆಯಲ್ಲಿದೆ. ಅಮ್ಮ ಮಾತ್ರ ಅದನ್ನು ಇವತ್ತಿಗೂ ಒಪ್ಪುವುದಿಲ್ಲ. "ಆಟಿ ಅಮಾವಾಸ್ಯೆಯ ದಿನ ನಿನ್ನ ಅಪ್ಪ ಬೆಳಕು ಹರಿಯುವ ಮುಂಚೆ ಹೋಗಿ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದಿದ್ದರು. ಎಲ್ಲರೂ ಕಷಾಯ ಕುಡಿದರು, ತುಂಬು ಬಸುರಿ ಎಂದು ನನಗೆ ಕೊಡಲಿಲ್ಲ. ಅದಾಗಿ ಎಂಟನೆಯ ದಿನ ನೀನು ಹುಟ್ಟಿದೆ. ಅದು ಜೂನ್ ಹೇಗೆ ಆಗುತ್ತದೆ?" ಎಂದು ಕೇಳುತ್ತಾರೆ.

ಅಮ್ಮನ ಲೆಕ್ಕವೇ ಸರಿ ಇರಬೇಕು. ತುಳುವರ ಆಟಿ ತಿಂಗಳು ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಜೂನ್ 1 ಎಂದು ಬರೆದವರು ನಮ್ಮೂರ ಶಾಲೆಯ ಮಾಸ್ತರರು. ಅಪ್ಪ ನನ್ನ ಕೈ ಹಿಡಿದು ಶಾಲೆಗೆ ಸೇರಿಸಲು ಹೋದಾಗ ಅವರು ತಾರೀಕು ಕೇಳಿದರಂತೆ. "ಮಳೆಗಾಲದಲ್ಲಿ ಹುಟ್ಟಿದವಳು" ಎಂದರಂತೆ ಅಪ್ಪ. ಮಳೆಯೂ ಶಾಲೆಯೂ ಶುರುವಾಗುವುದು ಜೂನ್ ತಿಂಗಳಲ್ಲಿ. ಮಾಸ್ತರರು ಜೂನ್ 1 ಎಂದು ಬರೆದು ರಿಜಿಸ್ಟರ್ ಮುಚ್ಚಿದರು. ನನ್ನ ಜೊತೆ ಕಲಿತ ಎಷ್ಟೋ ಮಂದಿಗೆ ಅದೇ ತಾರೀಕು.

ಇಷ್ಟು ವರ್ಷ ಆ ತಾರೀಕಿನ ಬಗ್ಗೆ ನಾನು ಯೋಚಿಸಿದ್ದೇ ಇಲ್ಲ. ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡುವ ಕ್ರಮವಿರಲಿಲ್ಲ. 2025ರ ಜೂನ್ 1ಕ್ಕೆ ಮಾತ್ರ ಅದು ನನ್ನ ಮುಂದೆ ಬಂದು ನಿಂತಿತು. ದಾಖಲೆಯ ಪ್ರಕಾರ ಅಂದು ನನಗೆ 58 ತುಂಬಿತು. ಪಿಎಫ್ ಕಟ್ಟುವ ಕೆಲಸಗಾರರಿಗೆ ಪಿಂಚಣಿ ಹುಟ್ಟುವುದು ಆ ವಯಸ್ಸಿಗೆ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಿನ ಒಂದು ಹಳ್ಳಿ. ಮಲ್ಲಿಗೆಯಿಂದಾಗಿ ಹೆಸರು ಪಡೆದ ಸೀಮೆ. ಮನೆಯ ಹಿಂದೆ ನಲವತ್ತು ಗಿಡಗಳಿವೆ. ಬೆಳಗ್ಗೆ ಆರಕ್ಕೆ ಮೊದಲೇ ಮನೆಯವರು, ನನ್ನ ಗಂಡ, ಬುಟ್ಟಿ ಹಿಡಿದು ಹೋಗುತ್ತಾರೆ. ಬಿರಿಯುವ ಮೊದಲು, ಮೊಗ್ಗು ಇನ್ನೂ ಬಿಗಿಯಾಗಿರುವಾಗಲೇ ಕೊಯ್ಯಬೇಕು. ನಾನು ಜಗಲಿಯಲ್ಲಿ ಕುಳಿತು ಬಾಳೆ ನಾರಿನಲ್ಲಿ ಕಟ್ಟುತ್ತೇನೆ. ನಾರನ್ನು ಒದ್ದೆ ಮಾಡಿಟ್ಟುಕೊಂಡು, ಎರಡು ಮೊಗ್ಗು ಆಚೆ, ಎರಡು ಮೊಗ್ಗು ಈಚೆ, ಒಂದು ಸುತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೊತ್ತಿಗೆ ಅಂದಿನ ದರ ಗೊತ್ತಾಗುತ್ತದೆ. ಹೂವು ಕಡಿಮೆ ಬಂದ ದಿನ, ಮದುವೆ ಮುಹೂರ್ತ ಜೋರಿರುವ ದಿನ ದರ ಏರುತ್ತದೆ. ರಾಶಿ ಬಂದ ದಿನ ಇಳಿಯುತ್ತದೆ. ಆ ದರವನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆದಿಟ್ಟು ಎಂಟೂ ಹತ್ತರ ಬಸ್ಸಿಗೆ ಓಡುತ್ತೇನೆ. ಗೇರುಬೀಜ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 1998ರ ಜೂನ್‌ನಲ್ಲಿ ಸೇರಿದೆ. ಅದಕ್ಕೆ ಮೊದಲು, ಮದುವೆಗೆ ಮುಂಚೆ, ಅಮ್ಮನ ಪಕ್ಕ ಕುಳಿತು ಬೀಡಿ ಕಟ್ಟುತ್ತಿದ್ದೆ.

ಕಾರ್ಖಾನೆಯಲ್ಲಿ ದುಡಿಯುವವರು ಹೆಚ್ಚು ಮಂದಿ ಹೆಂಗಸರು. ಕಟ್ಟಿಂಗ್, ಪೀಲಿಂಗ್, ಗ್ರೇಡಿಂಗ್ ಎಂದು ಮೂರು ವಿಭಾಗ. ಕಟ್ಟಿಂಗ್ ವಿಭಾಗದವರ ಬೆರಳುಗಳನ್ನು ನೋಡಿದರೆ ಗೊತ್ತಾಗುತ್ತದೆ, ಎಷ್ಟು ಬೂದಿ, ಎಷ್ಟು ಎಣ್ಣೆ ಹಚ್ಚಿಕೊಂಡರೂ ಸಿಪ್ಪೆಯ ಎಣ್ಣೆ ಸುಟ್ಟು ಕಪ್ಪು ಮಾಡಿರುತ್ತದೆ. ಸಂಬಳದ ಚೀಟಿ ಬರೆಯುವವಳು ನಾನಾದ್ದರಿಂದ ಪಿಎಫ್ ವಿಷಯಕ್ಕೆ ಎಲ್ಲರೂ ನನ್ನ ಮೇಜಿನ ಹತ್ತಿರವೇ ಬರುತ್ತಾರೆ. "ಅಕ್ಕ, ನನ್ನದು ಎಷ್ಟಾಯಿತು?" "ಅಕ್ಕ, ಈಗ ತೆಗೆದರೆ ಎಷ್ಟು ಸಿಗುತ್ತದೆ?" ಇಪ್ಪತ್ತೇಳು ವರ್ಷ ಇದೇ ಪ್ರಶ್ನೆಗಳನ್ನು ಕೇಳಿದ್ದೇನೆ. ಈಗ ಅದೇ ಪ್ರಶ್ನೆಯನ್ನು ನನಗೇ ಹಾಕಿಕೊಳ್ಳಬೇಕಾಗಿ ಬಂದಾಗ, ಉತ್ತರ ಅಷ್ಟು ಸುಲಭವಲ್ಲ ಎಂದು ತಿಳಿಯಿತು.

ಮೊದಲು ಹಣದ ದಾರಿಯನ್ನು ಹೇಳುತ್ತೇನೆ, ಏಕೆಂದರೆ ಇದನ್ನು ತಿಳಿಯದೆ ಎಷ್ಟೋ ಮಂದಿ ಕೈಯಲ್ಲಿದ್ದುದನ್ನು ಕಳೆದುಕೊಂಡದ್ದನ್ನು ನೋಡಿದ್ದೇನೆ. ನಮ್ಮ ಸಂಬಳದಿಂದ ಶೇಕಡಾ 12 ಪಿಎಫ್‌ಗೆ ಹೋಗುತ್ತದೆ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಆದರೆ ಮಾಲೀಕರ ಆ ಪಾಲಿನಲ್ಲಿ ಸಂಬಳದ ಶೇಕಡಾ 8.33 ನಮ್ಮ ಪಿಎಫ್ ಖಾತೆಗೆ ಸೇರುವುದಿಲ್ಲ, ಪಿಂಚಣಿಗೆ ಹೋಗುತ್ತದೆ. 15,000 ರೂಪಾಯಿ ಸಂಬಳಕ್ಕೆ ಅದು ತಿಂಗಳಿಗೆ 1,250. ಸಂಬಳ ಎಷ್ಟೇ ಇರಲಿ, ಪಿಂಚಣಿಯ ಲೆಕ್ಕಕ್ಕೆ 15,000 ಮೇಲ್ಮಿತಿ. 2014ರ ಸೆಪ್ಟೆಂಬರ್‌ಗೆ ಮೊದಲಿನ ದುಡಿಮೆಗೆ 6,500 ಮಾತ್ರ. ಕೊನೆಯ 60 ತಿಂಗಳ ಸಂಬಳದ ಸರಾಸರಿಯನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ತಿಂಗಳ ಪಿಂಚಣಿ. 20 ವರ್ಷ ಮೀರಿ ದುಡಿದು 58 ಮುಟ್ಟಿದವರಿಗೆ 2 ವರ್ಷ ಹೆಚ್ಚಿಗೆ ಸೇರಿಸಿಕೊಳ್ಳುತ್ತಾರೆ.

ಏಪ್ರಿಲ್ ತಿಂಗಳ ಒಂದು ರಾತ್ರಿ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂಬದಿಯಲ್ಲಿ ನನ್ನ ಲೆಕ್ಕ ಮಾಡಿದೆ. 2014ರವರೆಗಿನ 16 ವರ್ಷ 6,500ರ ಮೇಲೆ, ಆಮೇಲಿನ 11 ವರ್ಷ 15,000ದ ಮೇಲೆ, ಹೆಚ್ಚುವರಿ ಎರಡು ವರ್ಷ. ಒಟ್ಟು ಸುಮಾರು 4,100 ರೂಪಾಯಿ ಬಂತು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತೇಳು ವರ್ಷದಲ್ಲಿ ನಾನು ಎಷ್ಟು ಜನರ ಲೆಕ್ಕ ಮಾಡಿಕೊಟ್ಟಿದ್ದೇನೋ, ನನ್ನದೇ ಮೊತ್ತ ಕಂಡಾಗ ಮಾತ್ರ ಎದೆಯಲ್ಲಿ ಏನೋ ಜಗ್ಗಿದ ಹಾಗಾಯಿತು. ಹಾಳೆಯನ್ನು ತಿರುಗಿಸಿದರೆ ಆಚೆ ಬದಿಯಲ್ಲಿ ಮಾರ್ಚ್ ತಿಂಗಳ ಮಲ್ಲಿಗೆ ದರ, ದಿನಕ್ಕೊಂದು ಸಂಖ್ಯೆ.

ಮರುದಿನ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗ ಹೇಳಿದ, "ಅಕ್ಕ, ನೀವು ಅವಸರ ಮಾಡಬೇಡಿ. 60ರವರೆಗೆ ಪಿಂಚಣಿ ಕೇಳದೆ ಬಿಟ್ಟರೆ ವರ್ಷಕ್ಕೆ ಶೇಕಡಾ 4ರಂತೆ ಏರುತ್ತದೆ." ಮಾಲೀಕರೂ ಇನ್ನೆರಡು ವರ್ಷ ಇರಬೇಕೆಂದು ಕೇಳಿಕೊಂಡಿದ್ದರು. ಹೇಗೂ ಕೆಲಸವಿದೆ, ಸಂಬಳ ಬರುತ್ತದೆ, ಪಿಂಚಣಿಯನ್ನು ಬೆಳೆಯಲು ಬಿಡೋಣ ಎಂದು ನನಗೂ ಅನ್ನಿಸಿತು. ಹಣ್ಣಾಗಲು ಇನ್ನೆರಡು ದಿನ ಬೇಕಾದ ಬಾಳೆಗೊನೆಯನ್ನು ಯಾರೂ ಕಡಿಯುವುದಿಲ್ಲವಲ್ಲ.

ಆದರೆ ಆ ಹಾಳೆಯ ಮೇಲೆ ಲೆಕ್ಕ ಬೇರೆಯೇ ಹೇಳಿತು. ಎರಡು ವರ್ಷ ತೆಗೆದುಕೊಳ್ಳದಿದ್ದರೆ ನಾನು ಬಿಡುವುದು 4,100ರಂತೆ 24 ತಿಂಗಳು, ಅಂದರೆ 98,400 ರೂಪಾಯಿ. ಸಿಗುವುದು ಶೇಕಡಾ 8 ಹೆಚ್ಚಳ, ತಿಂಗಳಿಗೆ 330ರ ಹತ್ತಿರ. ಬಿಟ್ಟ 98,400 ರೂಪಾಯಿ ಆ 330ರ ಲೆಕ್ಕದಲ್ಲಿ ತಿರುಗಿ ಬರಬೇಕಾದರೆ ಸುಮಾರು 300 ತಿಂಗಳು ಬೇಕು. 25 ವರ್ಷ. 60ಕ್ಕೆ 25 ಸೇರಿದರೆ 85.

ಮನೆಯವರಿಗೆ ತೋರಿಸಿದೆ. ಅವರು ಹಾಳೆಯನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದರು. "ನಮ್ಮ ಊರಿನಲ್ಲಿ 85 ದಾಟಿದವರು ಯಾರ್ಯಾರು?" ಎಂದು ಕೇಳಿ ಬೆರಳು ಮಡಚಿ ಎಣಿಸತೊಡಗಿದರು. ಮೂರು ಜನ ಸಿಕ್ಕಿದರು, ಮೂವರೂ ಹೆಂಗಸರು. ಒಳಗೆ ಮಲಗಿದ್ದ ಅಮ್ಮನಿಗೆ 84. "ಅತ್ತೆಯವರನ್ನು ನೋಡಿದರೆ ನೀನೂ ದಾಟಬಹುದು" ಎಂದರು.

ದಾಟಬಹುದು. ದಾಟಲಿ ಎಂದೇ ನನ್ನ ಆಸೆ. ಆದರೆ ಇನ್ನೊಂದು ಮಾತಿದೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ಶುರುವಾದ ದಿನ ಎಷ್ಟಿತ್ತೋ ಅಷ್ಟೇ ಬರುತ್ತಾ ಇರುತ್ತದೆ. ಮಲ್ಲಿಗೆಯ ದರ ದಿನದಿನವೂ ಏರುತ್ತದೆ ಇಳಿಯುತ್ತದೆ, ಅಕ್ಕಿಯ ದರ ಏರುತ್ತಲೇ ಇರುತ್ತದೆ, ಪಿಂಚಣಿ ಮಾತ್ರ ಕಲ್ಲಿನಂತೆ ಇದ್ದಲ್ಲೇ ಇರುತ್ತದೆ. 1998ರಲ್ಲಿ ನನ್ನ ಮೊದಲ ಸಂಬಳ 1,800 ರೂಪಾಯಿ. ಅದರಲ್ಲಿ ಮನೆಗೆ ತಿಂಗಳ ಸಾಮಾನು ತಂದು, ಮಗಳಿಗೆ ಒಂದು ಜೊತೆ ಬಟ್ಟೆ ಹೊಲಿಸಿ, ಅಮ್ಮನ ಕೈಗೆ 200 ಕೊಟ್ಟಿದ್ದೆ. ಇಂದು ಆ 1,800 ಎಷ್ಟು ದಿನಕ್ಕೆ? ಹಾಗಾದರೆ 85ನೆಯ ವಯಸ್ಸಿನಲ್ಲಿ ಹೆಚ್ಚಿಗೆ ಸಿಗುವ ಆ 330ರಿಂದ ಏನು ಕೊಳ್ಳಬಹುದು? ಒಂದು ಹಾಳೆ ಮಾತ್ರೆ ಬರುತ್ತದೋ ಇಲ್ಲವೋ. ಇಂದಿನ 4,100ರಿಂದ ಅಮ್ಮನ ಔಷಧಿಯೂ ಗ್ಯಾಸ್ ಸಿಲಿಂಡರೂ ಕರೆಂಟ್ ಬಿಲ್ಲೂ ಆಗುತ್ತವೆ.

ಬಹಳ ಮಂದಿಗೆ ತಿಳಿಯದ ವಿಷಯ ಇನ್ನೊಂದಿದೆ. 58 ತುಂಬಿದ ಮೇಲೆ ಪಿಂಚಣಿ ಪಡೆಯಲು ಕೆಲಸ ಬಿಡಬೇಕಾಗಿಲ್ಲ. ಅಲ್ಲಿಗೆ ಪಿಂಚಣಿ ಯೋಜನೆಯ ಸದಸ್ಯತ್ವ ಮುಗಿಯುತ್ತದೆ, ಆಮೇಲೆ ಮಾಲೀಕರ ಪಾಲು ಪೂರ್ತಿಯಾಗಿ ಪಿಎಫ್ ಖಾತೆಗೇ ಹೋಗುತ್ತದೆ. ಸಂಬಳವೂ ಬರುತ್ತದೆ, ಪಿಂಚಣಿಯೂ ಬರುತ್ತದೆ. ಕೆಲಸ ಮುಂದುವರಿಸುವುದೋ ಬಿಡುವುದೋ ಎಂಬುದು ಒಂದು ಪ್ರಶ್ನೆ, ಪಿಂಚಣಿ ಯಾವಾಗ ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು, ಕೆಲಸದಲ್ಲಿರುವವರೆಗೆ ಅರ್ಜಿ ಹಾಕುವಂತಿಲ್ಲ ಎಂದು ತಿಳಿದು ವರ್ಷಗಟ್ಟಲೆ ಸುಮ್ಮನಿದ್ದವರನ್ನು ನಾನು ಬಲ್ಲೆ.

50ಕ್ಕೂ 58ಕ್ಕೂ ನಡುವೆ ಬೇಗ ತೆಗೆದುಕೊಳ್ಳುವ ದಾರಿಯೂ ಇದೆ. ಅದಕ್ಕೆ ಮಾತ್ರ ಕೆಲಸ ಬಿಟ್ಟಿರಬೇಕು, ಮತ್ತು ಬೇಗ ತೆಗೆದ ಪ್ರತಿ ವರ್ಷಕ್ಕೆ ಶೇಕಡಾ 4 ಕಡಿತ. ಕಡಿತ ಬದುಕಿರುವವರೆಗೂ ಇರುತ್ತದೆ. ಇದನ್ನು ಕೇಳಿದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ, ಪಕ್ಕದ ಮನೆಯ ಅಕ್ಕನ ವಿಷಯ ಬರುವವರೆಗೆ.

ಅಕ್ಕ ಬೀಡಿ ಕಟ್ಟುತ್ತಿದ್ದವರು. ಇಪ್ಪತ್ತನಾಲ್ಕು ವರ್ಷ ಬೀಡಿ ಕಂಪನಿಯ ಒಂದೇ ಬ್ರಾಂಚಿಗೆ ಕೊಟ್ಟಿದ್ದರು. ಕೈ ಚುರುಕು, ದಿನಕ್ಕೆ ಸಾವಿರ ಕಟ್ಟುತ್ತಿದ್ದರು. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಪುಡಿ ಹಾಕಿ ಸುರುಳಿ ಸುತ್ತಿ ನೂಲು ಬಿಗಿಯುವುದು, ಇದೆಲ್ಲವೂ ಅಡುಗೆಯ ನಡುವೆ, ದನದ ಕೆಲಸದ ನಡುವೆ, ಸಂಜೆ ಭಜನೆ ಮುಗಿದ ಮೇಲೆ ರಾತ್ರಿ ಹತ್ತರವರೆಗೂ. ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳ ಕಾಲೇಜು ಫೀಸು ಆ ಗೆರಸೆಯಿಂದಲೇ ಬಂದಿದೆ. 2015ರಲ್ಲಿ ಅಕ್ಕನಿಗೆ 52. ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ, ನೂಲಿನ ಎಳೆ ಕಾಣುತ್ತಿರಲಿಲ್ಲ. ಬಿಟ್ಟರು. 58ರವರೆಗೆ ಕಾದರೆ ಅವರಿಗೆ ಸಿಗುವುದು ತಿಂಗಳಿಗೆ 1,400ರ ಸುಮಾರು, ಆಗಲೇ ತೆಗೆದರೆ 1,050ರ ಸುಮಾರು. "ಕಾಯಿರಿ ಅಕ್ಕ, ನಾಲ್ಕರಲ್ಲಿ ಒಂದು ಪಾಲು ಯಾಕೆ ಬಿಡುತ್ತೀರಿ?" ಎಂದೆ ನಾನು.

ಅವರು ನನ್ನ ಮುಖ ನೋಡಿ, "ಆರು ವರ್ಷ ನಾನು ಯಾರ ಹತ್ತಿರ ಕೈ ಚಾಚಲಿ ಮಾರಾಯ್ತಿ?" ಎಂದರು.

ಆ ಮಾತು ಕೇಳಿದ ಮೇಲೆ ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದೆ. ಆರು ವರ್ಷದಲ್ಲಿ ಅವರ ಕೈಗೆ ಬರುವುದು 75,000 ರೂಪಾಯಿ. ಕಾದವರಿಗೆ ತಿಂಗಳಿಗೆ 350 ಹೆಚ್ಚು ಸಿಗುತ್ತದೆ ಎಂದಿಟ್ಟುಕೊಂಡರೂ ಆ 75,000 ಸರಿದೂಗಲು 58ರ ನಂತರ ಹದಿನೆಂಟು ವರ್ಷ ಬೇಕು. ಬೀಡಿ ಕಟ್ಟಲು ಆಗುತ್ತಿದ್ದರೆ ಮಾತು ಬೇರೆ, ಕೂಲಿಯೂ ಬರುತ್ತಿತ್ತು, ವರ್ಷವೂ ಕೂಡುತ್ತಿತ್ತು. ದುಡಿಮೆ ನಿಂತು, ಬೇರೆ ಆದಾಯವಿಲ್ಲದೆ ಕುಳಿತವರಿಗೆ ಕಾಯಿರಿ ಎನ್ನುವುದು ನ್ಯಾಯವಲ್ಲ. ಸಂಬಳ ಬರುತ್ತಿದ್ದ ನಾನು ಅದನ್ನು ಸುಲಭವಾಗಿ ಹೇಳಿಬಿಟ್ಟಿದ್ದೆ. ಮರುದಿನವೇ ಅಕ್ಕನ ಅರ್ಜಿ ಬರೆದುಕೊಟ್ಟೆ.

ಇನ್ನು ಚಿಕ್ಕಮ್ಮನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ, ನನ್ನ ಜೊತೆಗೇ 1998ರಲ್ಲಿ ಕಾರ್ಖಾನೆಗೆ ಸೇರಿದವರು. ಪೀಲಿಂಗ್ ವಿಭಾಗ. ಒಂಬತ್ತು ವರ್ಷ ದುಡಿದು 2007ರಲ್ಲಿ, ಸೊಸೆಯ ಬಾಣಂತನಕ್ಕೆಂದು ಬಿಟ್ಟರು. ಆ ವರ್ಷ ಮನೆಯ ಮಾಡು ಕುಸಿಯುವ ಹಾಗಿತ್ತು, ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಪಿಎಫ್ ತೆಗೆಯಬೇಕು ಎಂದು ನನ್ನ ಮೇಜಿಗೆ ಬಂದರು. ಪಿಎಫ್ ಹಣಕ್ಕೆ ಒಂದು ಫಾರಂ, ಪಿಂಚಣಿಯ ಭಾಗಕ್ಕೆ ಫಾರಂ 10ಸಿ ಎಂದು ಇನ್ನೊಂದು. ಆ 10ಸಿ ಫಾರಂನಲ್ಲಿ ಎರಡು ಆಯ್ಕೆಗಳಿವೆ. ಪಿಂಚಣಿಯ ಭಾಗವನ್ನೂ ಹಣವಾಗಿ ತೆಗೆದುಕೊಳ್ಳುವುದು ಒಂದು. ಹಣ ತೆಗೆಯದೆ, ಇಷ್ಟು ವರ್ಷ ದುಡಿದಿದ್ದಾರೆ ಎಂಬ ಯೋಜನಾ ಪ್ರಮಾಣಪತ್ರ ಪಡೆಯುವುದು ಇನ್ನೊಂದು. ಪ್ರಮಾಣಪತ್ರ ಪಡೆದರೆ, ಮುಂದೆ ಎಲ್ಲಿ ಸೇರಿದರೂ ಹಳೆಯ ವರ್ಷಗಳು ಹೊಸ ವರ್ಷಗಳ ಜೊತೆ ಕೂಡುತ್ತವೆ. ತಿಂಗಳ ಪಿಂಚಣಿಗೆ ಒಟ್ಟು 10 ವರ್ಷದ ದುಡಿಮೆ ಬೇಕು, ಅದು ಒಂದೇ ಕಡೆ ಆಗಬೇಕೆಂದೇನೂ ಇಲ್ಲ.

ನಾನು ಹಣದ ಆಯ್ಕೆಗೆ ಗುರುತು ಹಾಕಿದೆ. ಚಿಕ್ಕಮ್ಮನನ್ನು ಕೇಳಲೂ ಇಲ್ಲ. ಅವರು ಮತ್ತೆ ಕೆಲಸಕ್ಕೆ ಹೋಗುತ್ತಾರೆ ಎಂದು ನನಗೆ ತೋಚಲಿಲ್ಲ. 48ನೆಯ ವಯಸ್ಸಿನಲ್ಲಿ, ಮೊಮ್ಮಗು ಬಂದ ಮೇಲೆ, ಇನ್ನು ಮನೆಯಲ್ಲೇ ಇರುತ್ತಾರೆ ಎಂದುಕೊಂಡೆ. ಸಾಲಾಗಿ ಎಲ್ಲರಿಗೂ ಹಾಗೆಯೇ ಗುರುತು ಹಾಕುವುದು ಆಗ ನನ್ನ ಕೈಗೆ ಅಭ್ಯಾಸವಾಗಿತ್ತು. ಪಿಂಚಣಿಯ ಭಾಗದಿಂದ ಅವರಿಗೆ ಬಂದದ್ದು ಹತ್ತೊಂಬತ್ತು ಸಾವಿರದ ಹತ್ತಿರ.

ಎರಡು ವರ್ಷದ ನಂತರ ಅವರು ಇನ್ನೊಂದು ಕಾರ್ಖಾನೆಗೆ ಸೇರಿದರು. 2017ರಲ್ಲಿ 58 ತುಂಬುವವರೆಗೆ ಎಂಟು ವರ್ಷ ದುಡಿದರು. ಒಂಬತ್ತು ಮತ್ತು ಎಂಟು, ಒಟ್ಟು ಹದಿನೇಳು. ಆದರೆ ಮೊದಲಿನ ಒಂಬತ್ತು ಅಳಿಸಿಹೋಗಿತ್ತು, ಎಂಟಕ್ಕೆ ಪಿಂಚಣಿ ಇಲ್ಲ. ಅಲ್ಲಿಯೂ ಒಂದಿಷ್ಟು ಹಣ ಕೊಟ್ಟು ಖಾತೆ ಮುಗಿಸಿದರು. ಹದಿನೇಳು ವರ್ಷ ಕೂಡಿದ್ದರೆ ತಿಂಗಳಿಗೆ 1,600ರ ಆಸುಪಾಸು ಬರುತ್ತಿತ್ತು. ಈ ಎಂಟು ವರ್ಷಕ್ಕೆ ಅದು ಒಂದೂವರೆ ಲಕ್ಷ. ಚಿಕ್ಕಮ್ಮನಿಗೆ ಈಗ 66. 65 ದಾಟಿದ ಮೇಲೆ ಸರ್ಕಾರದ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಬರುತ್ತಿದೆ. ಅದಕ್ಕೆ ಮೊದಲಿನ ಏಳು ವರ್ಷ ಏನೂ ಇರಲಿಲ್ಲ.

ಆಮೇಲೆ ನನ್ನ ಮೇಜಿಗೆ ಬಂದ ಯಾರಿಗೂ ಹಾಗೆ ಗುರುತು ಹಾಕಿಲ್ಲ. ವರ್ಷ ಎಣಿಸುತ್ತೇನೆ, ಎರಡೂ ಆಯ್ಕೆಗಳನ್ನು ಓದಿ ಹೇಳುತ್ತೇನೆ, ಮನೆಗೆ ಹೋಗಿ ಒಂದು ರಾತ್ರಿ ಯೋಚಿಸಿ ಬನ್ನಿ ಎನ್ನುತ್ತೇನೆ. ಕೆಲವರು ಬೇಸರಪಡುತ್ತಾರೆ. ಮಗಳ ಮದುವೆ ನಿಶ್ಚಯವಾದವರಿಗೆ, ಆಸ್ಪತ್ರೆಯಲ್ಲಿ ಗಂಡನನ್ನು ಮಲಗಿಸಿ ಬಂದವರಿಗೆ, ಹತ್ತು ವರ್ಷದ ಮಾತು ತಲೆಗೆ ಹೋಗುವುದಿಲ್ಲ. ಆದರೂ ಹೇಳುತ್ತೇನೆ. ಪಿಎಫ್ ಹಣ ಬೇಕಾದರೆ ತೆಗೆಯಿರಿ, ಪಿಂಚಣಿಯ ವರ್ಷಗಳನ್ನು ಮಾತ್ರ ಮುರಿಯಬೇಡಿ ಎಂದು ಕೈ ಮುಗಿದು ಹೇಳಿದ್ದೂ ಇದೆ.

ಇಷ್ಟೆಲ್ಲ ಆದ ಮೇಲೆ ನನ್ನದೇ ತೀರ್ಮಾನಕ್ಕೆ ಬಹಳ ದಿನ ಬೇಕಾಗಲಿಲ್ಲ. 58ಕ್ಕೇ ತೆಗೆದುಕೊಳ್ಳುವುದು, ಕೆಲಸವನ್ನು ಬರುವ ಮಾರ್ಚ್‌ವರೆಗೆ, ವರ್ಷದ ಲೆಕ್ಕ ಒಪ್ಪಿಸುವವರೆಗೆ ಮುಂದುವರಿಸುವುದು. ಬಿಡುವಾಗ ಗ್ರಾಚ್ಯುಟಿ ಬರುತ್ತದೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ 2 ಲಕ್ಷದ 80 ಸಾವಿರದಷ್ಟು. ಅದನ್ನು ಮುಟ್ಟದೆ ಠೇವಣಿ ಇಡುವುದೆಂದು ಮಾತಾಗಿದೆ.

ಪಿಂಚಣಿಯ ಅರ್ಜಿ ಫಾರಂ 10ಡಿ. ಅದನ್ನು ನೂರಾರು ಸಲ ತುಂಬಿಸಿದ್ದೇನೆ, ನನ್ನದು ಮಾತ್ರ ಒಂದೇ ಸಲಕ್ಕೆ ಆಗಲಿಲ್ಲ. ಕೆಲಸಕ್ಕೆ ಸೇರುವಾಗ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಅಕ್ಷರವಿತ್ತು, ಆಧಾರ್ ಕಾರ್ಡಿನಲ್ಲಿ ಮನೆಯವರ ಹೆಸರಿದೆ. ನಾನೂ ಮಾಲೀಕರೂ ಸಹಿ ಹಾಕಿದ ಜಂಟಿ ಘೋಷಣೆ ಕೊಟ್ಟು ಸರಿಪಡಿಸಬೇಕಾಯಿತು. ನಮ್ಮ ಕಡೆಯ ಹೆಂಗಸರಲ್ಲಿ ಈ ತೊಡಕು ಇಲ್ಲದವರು ಕಡಿಮೆ. ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ. 50 ತುಂಬಿದ ಕೂಡಲೇ ಇದನ್ನು ನೋಡಿಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಜೂನ್ 1 ಮಾತ್ರ ಎಲ್ಲ ಕಡೆಯೂ ಒಂದೇ ಆಗಿತ್ತು. ಮಾಸ್ತರರು ಊಹೆಯಿಂದ ಬರೆದ ತಾರೀಕು ಒಂದು ಅಕ್ಷರವೂ ಅಲುಗದೆ ನಿಂತಿತ್ತು.

ಅರ್ಜಿಗೆ ಗಂಡ ಹೆಂಡತಿಯ ಜೋಡಿ ಫೋಟೋ ಬೇಕು. ನನ್ನ ನಂತರ ಅರ್ಧ ಪಿಂಚಣಿ ಮನೆಯವರಿಗೆ ಹೋಗುತ್ತದೆ, ಅದಕ್ಕೆ. ಒಂದು ಭಾನುವಾರ ಕಟಪಾಡಿಗೆ ಹೋದೆವು. ಮನೆಯವರು ಮಗಳ ಮದುವೆಗೆ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಸ್ಟುಡಿಯೋದ ಹುಡುಗ "ಸ್ವಲ್ಪ ಹತ್ತಿರ ನಿಲ್ಲಿ" ಎಂದ. ಅವರು ಅರ್ಧ ಹೆಜ್ಜೆ ಸರಿದರು. ಜೀವಮಾನವಿಡೀ ಗದ್ದೆಯಲ್ಲಿ, ಮಲ್ಲಿಗೆ ಗಿಡದ ಬುಡದಲ್ಲಿ ಬಗ್ಗಿ ದುಡಿದವರಿಗೆ ಯಾವ ಕಚೇರಿಯಿಂದಲೂ ಪಿಂಚಣಿ ಇಲ್ಲ. ಇರುವುದು ನನ್ನ ಹೆಸರಿನ ಮೂಲಕ ಬರಬಹುದಾದ ಆ ಅರ್ಧ ಮಾತ್ರ. ಹೊರಗೆ ಬಂದ ಮೇಲೆ, "ಇದನ್ನು ನಾನು ತೆಗೆದುಕೊಳ್ಳುವ ಹಾಗೆ ಆಗಬಾರದು" ಎಂದರು. ಆಮೇಲೆ ಬಸ್ಸಿನಲ್ಲಿ ಮನೆ ತಲುಪುವವರೆಗೆ ಮಾತಾಡಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ, ಹಿಂದಿನ ಬಾಕಿಯೂ ಸೇರಿ ಪಿಂಚಣಿ ಬಂತು. ಮೊಬೈಲಿಗೆ ಸಂದೇಶ ಬಂದಾಗ ನಾನು ಹೂವು ಕಟ್ಟುತ್ತಿದ್ದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದೆ. ಸಂಬಳ ಬಂದಾಗಲೆಲ್ಲ ತಿಂಗಳ ಕೆಲಸ ನೆನಪಾಗುತ್ತಿತ್ತು. ಇದು ಬಂದಾಗ 1998ರ ಆ ಮಳೆಗಾಲ ನೆನಪಾಯಿತು, ಮೊದಲ ದಿನ ಕೊಡೆ ಮುರಿದು ಒದ್ದೆಯಾಗಿ ಕಾರ್ಖಾನೆಯ ಗೇಟಿನಲ್ಲಿ ನಿಂತದ್ದು, ಪಕ್ಕದಲ್ಲಿ ಚಿಕ್ಕಮ್ಮ.

ಅದೇ ವಾರ ಪಕ್ಕದ ಮನೆಯ ಅಕ್ಕನ ಜೀವನ ಪ್ರಮಾಣಪತ್ರದ ಅವಧಿ ಮುಗಿಯುವುದಿತ್ತು. ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊದಲು ಬೆರಳಚ್ಚು ಕೊಡಬೇಕಿತ್ತು, ಎಲೆ ಉಜ್ಜಿ ಉಜ್ಜಿ ಸವೆದ ಅವರ ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ ಒತ್ತಿಸಿ ಅವರು ಅಳುವ ಹಾಗಾಗಿದ್ದರು. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೆ ಸಾಕು. ಜಗಲಿಯ ಬೆಳಕಿಗೆ ಕೂರಿಸಿ ಮೊಬೈಲ್ ಹಿಡಿದೆ. "ಕಣ್ಣು ಮಿಟುಕಿಸಿ ಅಕ್ಕ" ಎಂದೆ. ಮಿಟುಕಿಸಿದರು. ಹಸಿರು ಗುರುತು ಬಂತು. "ಆಯಿತಾ? ನಾನು ಇದ್ದೇನೆ ಎಂದು ಅವರಿಗೆ ಗೊತ್ತಾಯಿತಾ?" ಎಂದು ಕೇಳಿದರು. ಹತ್ತು ವರ್ಷದಿಂದ ಆ ಸಾವಿರದ ಐವತ್ತು ರೂಪಾಯಿಯಲ್ಲಿ ಅವರು ತಮ್ಮ ಮಾತ್ರೆ ತಾವೇ ತರುತ್ತಾರೆ, ಮೊಮ್ಮಕ್ಕಳಿಗೆ ಬಿಸ್ಕತ್ತು ತರುತ್ತಾರೆ, ದೈವದ ಕೋಲಕ್ಕೆ ತಮ್ಮ ಕೈಯಿಂದಲೇ ಕಾಣಿಕೆ ಹಾಕುತ್ತಾರೆ.

ಚಿಕ್ಕಮ್ಮನ ಮನೆಗೆ ಹೋದದ್ದು ಅದಾದ ಮರುದಿನ. ಮೊದಲ ಪಿಂಚಣಿಯಲ್ಲಿ ಅವರಿಗೊಂದು ಸೀರೆ ತೆಗೆದುಕೊಂಡು ಹೋಗಿದ್ದೆ. ಪತ್ರೊಡೆ ಬೇಯುತ್ತಿತ್ತು, ಒಳಗೆಲ್ಲ ಕೆಸುವಿನ ಎಲೆಯ ಪರಿಮಳ. ಹೊರಗೆ ಆಟಿಯ ಮಳೆ ಬಿಡದೆ ಹೊಯ್ಯುತ್ತಿತ್ತು. ಸೀರೆ ಕೈಗಿಟ್ಟು, ಹದಿನೆಂಟು ವರ್ಷ ಹೇಳದೆ ಇದ್ದುದನ್ನು ಹೇಳಿದೆ. ಆ ಫಾರಂನಲ್ಲಿ ಇನ್ನೊಂದು ಆಯ್ಕೆ ಇತ್ತು ಚಿಕ್ಕಮ್ಮ, ನಾನು ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ನಿಮಗೆ ಈಗ ಪಿಂಚಣಿ ಬರುತ್ತಿತ್ತು ಎಂದೆ.

ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಒಲೆಯ ಮುಂದೆ ಕುಳಿತು ಬೆಂಕಿ ಮುಂದೆ ಮಾಡಿದರು. ಆಮೇಲೆ ತಲೆ ಎತ್ತಿ ಮಾಡು ನೋಡಿದರು. ಆ ವರ್ಷ ಹೊಸ ಪಕ್ಕಾಸು ಹಾಕಿ ಹೊದಿಸಿದ ಹಂಚು ಅದು.

"ಆ ಹತ್ತೊಂಬತ್ತು ಸಾವಿರ ಇಲ್ಲದಿದ್ದರೆ ಅರ್ಧ ಮಾಡು ಹಾಗೆಯೇ ಇರುತ್ತಿತ್ತು" ಎಂದರು. "ಮಗು ಒದ್ದೆಯಲ್ಲಿ ಮಲಗುತ್ತಿತ್ತು."

"ಆದರೂ ನಾನು ಕೇಳಬೇಕಿತ್ತು" ಎಂದೆ.

"ಹೌದು, ಕೇಳಬೇಕಿತ್ತು" ಎಂದರು ಚಿಕ್ಕಮ್ಮ. ಮತ್ತೆ ಎದ್ದು ಬಾಳೆಲೆ ಹರಿದು ತಂದು, ಬಿಸಿ ಪತ್ರೊಡೆಯನ್ನು ಕತ್ತರಿಸಿ ನನ್ನ ಮುಂದಿಟ್ಟರು. "ಸೊಸೆಯೂ ಈಗ ಗೇರುಬೀಜಕ್ಕೆ ಹೋಗುತ್ತಾಳೆ. ಏಳು ವರ್ಷವಾಯಿತಂತೆ. ಬಿಡುತ್ತೇನೆ ಎನ್ನುತ್ತಿದ್ದಾಳೆ. ಸಂಜೆ ಬರುತ್ತಾಳೆ, ನೀನು ಕುಳಿತಿರು, ಅವಳ ಹತ್ತಿರ ಒಮ್ಮೆ ಮಾತಾಡಿ ಹೋಗು."

ಕೊನೆಯ ಬಸ್ಸು ಏಳೂವರೆಗೆ. ಮನೆಯವರಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆ, ಅಮ್ಮನಿಗೆ ಗಂಜಿ ಬಿಸಿ ಮಾಡಿ ಕೊಡಿ ಎಂದೆ.